ಒಂದು ಚೀಲ ಯೂರಿಯಾ ಕಮ್ಮಿ ಹಾಕಿದ್ರ ಯಾರ ಗಂಟು ಹೋಗತೈತಿ?

ಮೊನ್ನೆ ನಮ್ಮ ಪಿ.ಜೆ. ಬಡಾವಣ್ಯಾಗ ಒಬ್ಬರ ಮನಿಗೆ ಅರಿಶಿಣ ಕುಂಕುಮಕ್ಕ ಹೋಗಿದ್ದೆ. ಎಂಟ್ಹತ್ತು ಮಂದಿ ಕೂತಿದ್ವಿ. ಮಂಡಕ್ಕಿ, ಮೆಣಸಿನಕಾಯಿ, ಚಾ ಎಲ್ಲಾ ಆತು. ಮಾತಿಗೆ ಮಾತು ಬಂದು, ಈ ಸಲ ನಮ್ಮ ಗದ್ದಿಗೆ ಯೂರಿಯಾ ಅರ್ಧ ಇಳಿಸಾಕ ಹೇಳಿದೀನಿ ಅಂದೆ. ಯಾಕ ಅಂತ ಕೇಳಿದ್ರು. ನೀರು ಕೆಡತೈತಿ ಅಂದೆ. ಅಷ್ಟಕ್ಕ ಎಲ್ಲಾರೂ ನಕ್ಕರು. ಒಬ್ಬಾಕಿ ಅಂತೂ, "ಪಿ.ಯು.ಸಿ. ಓದಿ ಒಲಿ ಮುಂದ ನಿಂತಾಕಿ ನೀನು, ರೈತರಿಗೆ ಗೊಬ್ಬರದ ಪಾಠ ಹೇಳ್ತೀಯೇನೇ? ನೀರು ಕೆಟ್ರ ಕೆಡ್ಲಿ ಬಿಡು, ಆರ್.ಒ. ಹಾಕಿಸಿದ್ರಾತು" ಅಂದ್ಲು. ಇನ್ನೊಬ್ಬಾಕಿ, "ರೈತರ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ ಕಣೇ" ಅಂದ್ಲು. ಅವತ್ತು ನಾನು ಚಾ ಕುಡುದು ಸುಮ್ಮನ ಎದ್ದು ಬಂದೆ. ನನಗ ಎದುರಿಗೆ ಮಾತು ಬರಂಗಿಲ್ಲ, ಮನಿಗೆ ಬಂದ ಮ್ಯಾಲೆ ಬರ್ತಾವು. ಅವತ್ತು ಬರದೇ ಇದ್ದ ಮಾತೆಲ್ಲಾ ಇವತ್ತು ಬರೀತೀನಿ. ಬೈಯೋರು ಪೂರ್ತಿ ಓದಿ ಬೈರಿ.

ಮೊದಲು ನನಗ ಈ ಹುಚ್ಚು ಯಾಕ ಹಿಡೀತು ಹೇಳ್ತೀನಿ. ನನ್ನ ತವರುಮನಿ ಹರಿಹರ ತಾಲ್ಲೂಕು, ಮಲೇಬೆನ್ನೂರು ಕಡಿ. ಭದ್ರಾ ನಾಲಿ ಕೊನೀ ಭಾಗ. ನಮ್ಮಪ್ಪಾಜಿ ತೀರಿಕಂಡ ಮ್ಯಾಲೆ ನನ್ನ ಪಾಲಿಗೆ ಮೂರು ಎಕರೆ ಗದ್ದಿ ಬಂತು. ಅದನ್ನ ಅದೇ ಊರಿನ ಒಬ್ಬರಿಗೆ ಗುತ್ತಿಗಿಗೆ ಕೊಟ್ಟೀನಿ. ವರ್ಷಕ್ಕ ಎರಡು ಸಲ ಅಕ್ಕಿ ಚೀಲ ಬಂದು ನಮ್ಮ ಮನಿ ಮುಂದ ಇಳೀತಾವು. ಹನ್ನೊಂದು ವರ್ಷ ನಾನು ಆ ಚೀಲ ಎಣಿಸಿಕಂಡಿದೀನಿ. ಆ ಗದ್ದಿಗೆ ಏನು ಹಾಕ್ತಾರ, ಎಷ್ಟು ಹಾಕ್ತಾರ, ಅದರ ನೀರು ಎಲ್ಲಿಗೆ ಹೋಗತೈತಿ ಅಂತ ಒಂದು ದಿನ ಕೇಳಿರಲಿಲ್ಲ. ಪಹಣಿಯಾಗ ನನ್ನ ಹೆಸರು ಐತಿ, ತಲಿಯಾಗ ಗದ್ದೀ ಇರಲಿಲ್ಲ.

ಎರಡು ವರ್ಷದ ಹಿಂದ ನಮ್ಮ ತಮ್ಮನ ಸೊಸಿ ಬಾಣಂತಿ. ಕೂಸಿಗೆ ಹಾಲು ಸಾಲದೇ ಡಬ್ಬಿ ಹಾಲಿನ ಪುಡಿ ಶುರು ಮಾಡಿದ್ರು. ಕೂಸಿನ ತೋರಿಸಾಕ ದಾವಣಗೆರಿಗೆ ಕರಕಂಡು ಬಂದಾಗ ಮಕ್ಕಳ ಡಾಕ್ಟ್ರು ಮೊದಲು ಕೇಳಿದ್ದೇ, "ಪುಡಿ ಯಾವ ನೀರಿನಾಗ ಕಲಸ್ತೀರಿ?" ತ್ವಾಟದ ಬೋರಿನ ನೀರು, ಚೆನ್ನಾಗಿ ಕುದಿಸಿ ಆರಿಸಿ ಹಾಕ್ತೀವಿ ಅಂದ್ವಿ ಹೆಮ್ಮಿಯಿಂದ. "ಮೊದಲು ಆ ನೀರು ಪರೀಕ್ಷೆ ಮಾಡಿಸ್ರಿ, ಅಲ್ಲಿ ತನಕ ಅದನ್ನ ಹಾಕಬ್ಯಾಡ್ರಿ" ಅಂದ್ರು. ಮಾಡಿಸಿದ್ವಿ. ನೈಟ್ರೇಟ್ ಅಂತ ಒಂದು ಐತಿ, ಅದು ಲೀಟರಿಗೆ 78 ಮಿಲಿಗ್ರಾಂ ಬಂತು. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡದ ಪ್ರಕಾರ 45ರ ಮ್ಯಾಲೆ ಇರಬಾರದು.

ಅವತ್ತು ತಿಳಕಂಡ ಎರಡು ಸಂಗತಿ ನಿಮಗೂ ಹೇಳ್ಬೇಕು, ಯಾಕಂದ್ರ ನಮ್ಮಲ್ಲಿ ಬಾಣಂತನ ಮಾಡೋರು ನಾವೇ. ಒಂದು, ನೈಟ್ರೇಟ್ ಜಾಸ್ತಿ ಇರೋ ನೀರಿನಾಗ ಪುಡಿ ಕಲಸಿ ಆರು ತಿಂಗಳ ಒಳಗಿನ ಕೂಸಿಗೆ ಕುಡಿಸಿದ್ರ, ರಕ್ತ ಆಮ್ಲಜನಕ ಹೊರೋ ಶಕ್ತಿ ಕಳಕಂತೈತಿ. ತುಟಿ, ಉಗುರು ನೀಲಿ ತಿರುಗತಾವು. ಇದಕ್ಕ ನೀಲಿ ಕೂಸಿನ ರೋಗ ಅಂತಾನೇ ಹೆಸರು. ದೇವರು ದೊಡ್ಡೋನು, ನಮ್ಮ ಕೂಸಿಗೆ ಅಂಥದ್ದು ಏನೂ ಆಗಲಿಲ್ಲ. ಎರಡು, ಕುದಿಸಿದ್ರ ನೈಟ್ರೇಟ್ ಹೋಗಂಗಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆದಾಗ ಇನ್ನೂ ಕುದಿಸಿದ್ರ ಏನಾಗತೈತಿ? ನೀರು ಹಬಿಯಾಗಿ ಹೋಗಿ ಉಪ್ಪು ಇನ್ನೂ ಮುಂದಾಗತೈತಿ. ಇದೂ ಹಂಗೇ. ಅಂದ್ರ ನಾವು ಎಷ್ಟು ಪ್ರೀತಿಯಿಂದ ಕುದಿಸಿದ್ವೋ, ಕೂಸಿಗೆ ಅಷ್ಟು ಗಟ್ಟಿ ಮಾಡಿ ಕೊಟ್ಟಂಗಾತು. ಆ ರಾತ್ರಿ ನನಗ ನಿದ್ದಿ ಬರಲಿಲ್ಲ.

ಬೋರಿನಾಗ ಅದು ಎಲ್ಲಿಂದ ಬಂತು? ಬೋರಿನ ಒಂದು ಕಡಿ ಅಡಿಕಿ ತ್ವಾಟ, ಇನ್ನೊಂದು ಕಡಿ ಮೆಕ್ಕೆಜೋಳದ ಹೊಲ, ಹಿತ್ತಲಾಗ ತಿಪ್ಪಿ, ತಿಪ್ಪಿ ಪಕ್ಕ ಪಾಯಿಖಾನಿ ಗುಂಡಿ. ಎಲ್ಲಾದರದ್ದೂ ಪಾಲು ಐತಿ. ಇದನ್ನ ನಾನು ಮುಚ್ಚಿಡಂಗಿಲ್ಲ. ತಿಪ್ಪಿ ಗೊಬ್ಬರ ಆದ್ರ ಪವಿತ್ರ, ಸರ್ಕಾರಿ ಗೊಬ್ಬರ ಆದ್ರ ಪಾಪ ಅನ್ನೋ ಮಾತು ನಂದಲ್ಲ. ಸಾರಜನಕ ಯಾವುದರಿಂದ ಬಂದ್ರೂ ಬೆಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಆದ್ರ ನೀರಿಗೇ ಇಳಿಯೋದು. ನನ್ನ ತಕರಾರು ಆ ಜಾಸ್ತಿ ಮ್ಯಾಲೆ.

ಎಷ್ಟು ಜಾಸ್ತಿ? ಊರಿಂದ ಬಂದ ಮ್ಯಾಲೆ ನಾನು ನಮ್ಮ ಗುತ್ತಿಗಿಯವರಿಗೆ ಫೋನ್ ಮಾಡಿ ಮೊದಲ ಸಲ ಲೆಕ್ಕ ಕೇಳಿದೆ. "ಎಕರೆಗೆ ಎಷ್ಟು ಹಾಕ್ತೀಯಪ್ಪ?" ಅಂದ್ರ, "ಎಲ್ಲಾರು ಹಾಕಿದಂಗ ಅಕ್ಕಾರ, ಯೂರಿಯಾ ನಾಕು ಚೀಲ, ಡಿ.ಎ.ಪಿ. ಎರಡು" ಅಂದ. ಮನಿ ಖರ್ಚಿನ ಪುಸ್ತಕದ ಹಿಂದಿನ ಹಾಳಿಯಾಗ ಲೆಕ್ಕ ಹಾಕಿದೆ. ನೀವೂ ಹಾಕ್ರಿ, ಕಷ್ಟ ಇಲ್ಲ. ಯೂರಿಯಾ ಚೀಲ ಈಗ 45 ಕೆ.ಜಿ. ಅದರಾಗ ನೂರಕ್ಕ 46 ಪಾಲು ಸಾರಜನಕ. ನಾಕು ಚೀಲಕ್ಕ ಹತ್ತಿರ ಹತ್ತಿರ 83 ಕೆ.ಜಿ. ಆತು. ಡಿ.ಎ.ಪಿ. 50 ಕೆ.ಜಿ. ಚೀಲ, ಅದರಾಗ ನೂರಕ್ಕ 18. ಎರಡು ಚೀಲಕ್ಕ 18 ಕೆ.ಜಿ. ಕೂಡಿದ್ರ ಎಕರೆಗೆ 101 ಕೆ.ಜಿ. ಸಾರಜನಕ. ನಮ್ಮ ಗದ್ದಿದ್ದು ಮಣ್ಣಿನ ಪರೀಕ್ಷೆ ಕಾರ್ಡ್ ಒಂದು ಇತ್ತು. 2015ರಾಗ ಶುರುವಾದ ಯೋಜನಿಯಾಗ ಬಂದಿದ್ದು, ತಮ್ಮ ಅದನ್ನ ದೇವರ ಕ್ಯಾಲೆಂಡರ್ ಹಿಂದ ಸಿಗಿಸಿದ್ದ. ತಗದು ನೋಡಿದ್ರ ಸಾರಜನಕ 100 ಕೆ.ಜಿ. ಅಂತ ಬರ್ದೈತಿ. ಸರಿ ಐತಲ್ಲ ಅಂತ ಸಮಾಧಾನ ಆಗಾಕ ಹೋತು. ಪಕ್ಕದಾಗ ನೋಡಿದ್ರ "ಹೆಕ್ಟೇರಿಗೆ" ಅಂತ ಐತಿ! ಒಂದು ಹೆಕ್ಟೇರ್ ಅಂದ್ರ ಎರಡೂವರಿ ಎಕರೆ. ಅಂದ್ರ ಹೆಕ್ಟೇರಿಗೆ ಹೇಳಿದ್ದನ್ನ ನಾವು ಎಕರೆಗೆ ಸುರಿದು ಕೂತಿದ್ವಿ. ಎರಡೂವರಿ ಪಟ್ಟು! ಚಿತ್ರಾನ್ನಕ್ಕ ಯಾರಾದ್ರೂ ಎರಡೂವರಿ ಪಟ್ಟು ಉಪ್ಪು ಹಾಕಿದ್ರ ತಟ್ಟಿ ಎತ್ತಿ ಒಗೀತೀವಿ. ಭೂಮಿತಾಯಿ ಬಾಯಿ ಬಿಡಂಗಿಲ್ಲ, ನುಂಗತಾಳ.

ನುಂಗಿದ್ದನ್ನ ಎಲ್ಲಾ ಭತ್ತಕ್ಕ ಕೊಡ್ತಾಳೇನು? ಇಲ್ಲ. ನೀರು ನಿಲ್ಲಿಸಿದ ಗದ್ದಿಗೆ ಎರಚಿದ ಯೂರಿಯಾದಾಗ ಬೆಳಿಗೆ ಸಿಗೋದು ನೂರಕ್ಕ 30-40 ಪಾಲು ಅಂತ ಭತ್ತದ ವಿಜ್ಞಾನಿಗಳೇ ಹೇಳ್ತಾರ. ಉಳಿದಿದ್ದು ಒಂದಿಷ್ಟು ಗಾಳಿಗೆ, ಒಂದಿಷ್ಟು ಮಣ್ಣಿಗೆ, ಒಂದಿಷ್ಟು ನೀರಿಗೆ. ಗದ್ದಿ ನೀರು ಬಸಿಗಾಲುವಿಗೆ, ಬಸಿಗಾಲುವಿ ಹಳ್ಳಕ್ಕ, ಹಳ್ಳ ತುಂಗಭದ್ರಾ ಹೊಳಿಗೆ.

ಈಗ ನಮ್ಮ ನಲ್ಲಿಗೆ ಬರ್ರಿ. ದಾವಣಗೆರಿಗೆ ಕುಡಿಯೋ ನೀರು ಬರೋದು ಎಲ್ಲಿಂದ? ಒಂದು, ರಾಜನಹಳ್ಳಿ ಹತ್ರ ತುಂಗಭದ್ರಾ ಹೊಳಿಯಿಂದ. ಇನ್ನೊಂದು, ಭದ್ರಾ ನಾಲಿ ನೀರು ತುಂಬಿಸಿಕಂಡಿರೋ ಕುಂದವಾಡ ಕೆರಿ, ಟಿ.ವಿ. ಸ್ಟೇಷನ್ ಕೆರಿಯಿಂದ. ಆ ಹೊಳಿಗೆ ಮ್ಯಾಲಿಂದ ಬಂದು ಸೇರೋದು ಏನು? ಶಿವಮೊಗ್ಗ, ಭದ್ರಾವತಿ, ಹೊನ್ನಾಳಿ ಕಡಿ ಊರಿನ ಚರಂಡಿ ನೀರು, ಭದ್ರಾ ಅಚ್ಚುಕಟ್ಟಿನ ಗದ್ದಿ ತ್ವಾಟದ ಬಸಿ ನೀರು. ಮ್ಯಾಲಿನೋರು ನಮಗ ಕಳಿಸ್ತಾರ, ನಾವು ಕೆಳಗಿನೋರಿಗೆ ಕಳಿಸ್ತೀವಿ. ಬೀಗರ ಮನಿಗೆ ಬುತ್ತಿ ಕಳಿಸಿದಂಗ! ಕೆಳಗ ಹೊಸಪ್ಯಾಟಿ ಟಿ.ಬಿ. ಡ್ಯಾಮಿನ ನೀರು ಇತ್ತೀಚಿನ ಕೆಲವು ವರ್ಷದಾಗ ಹಸಿರು ಬಣ್ಣ ತಿರುಗಿದ್ದು ಟಿ.ವಿ.ಯಾಗ ನೀವೂ ನೋಡಿರಬೇಕು. ಅದು ಬಣ್ಣ ಅಲ್ಲ, ಪಾಚಿ. ಆ ಪಾಚಿಗೆ ಉಣ್ಣಾಕ ಹಾಕಿದೋರಾಗ ನನ್ನ ಮೂರು ಎಕರೆನೂ ಐತಿ.

ಪಾಚಿ ಬಂದ್ರ ಏನಾಗತೈತಿ, ಹಸಿರು ಚೆಂದ ಅಲ್ವಾ ಅಂತ ಒಬ್ಬ ಹುಡುಗಿ ಕೇಳಿದ್ಲು. ಬೆಣ್ಣಿ ದ್ವಾಸಿ ಊರಿನೋರಿಗೆ ಇದನ್ನ ಹೇಳೋದು ಸುಲಭ. ಹಿಟ್ಟು ರುಬ್ಬಿ ಇಟ್ರ ಕಣ್ಣಿಗೆ ಕಾಣದ ಜೀವ ಹಿಟ್ಟು ತಿಂದು ಉಬ್ಬಿಸ್ತಾವು. ಕೆರಿಗೆ ಸಾರಜನಕ, ರಂಜಕ ಬಿದ್ರ ಪಾಚಿ, ಅಂತರಗಂಗಿ ಹಂಗೇ ಉಬ್ಬಿ ಬೆಳೀತಾವು. ಮ್ಯಾಲೆ ಚಾಪಿ ಹಾಸಿದಂಗ ಆಗಿ ಬಿಸಿಲು ಒಳಗ ಇಳಿಯಂಗಿಲ್ಲ. ತಳದ ಗಿಡ ಸಾಯತಾವು. ಆಮ್ಯಾಲೆ ಪಾಚಿನೂ ಸತ್ತು ತಳಕ್ಕ ಬೀಳತೈತಿ. ಅದನ್ನ ಕೊಳಿಸೋ ಸೂಕ್ಷ್ಮಜೀವಿ ನೀರಿನಾಗಿನ ಆಮ್ಲಜನಕ ಎಲ್ಲಾ ಉಸಿರಾಡಿ ಮುಗಿಸ್ತಾವು. ಮೀನಿಗೆ ಉಸಿರಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರ ಮೀನು ಹೊಟ್ಟಿ ಮ್ಯಾಲೆ ಮಾಡಿ ತೇಲತಿರತಾವು. ವಿಷ ಹಾಕಿದ್ರು ಅಂತ ಊರೋರು ಬಡದಾಡ್ತಾರ. ಯಾರೂ ವಿಷ ಹಾಕಿರಂಗಿಲ್ಲ. ಎಲ್ಲಾರೂ ಸೇರಿ ಊಟ ಹಾಕಿರ್ತಾರ.

ಎರಡರಾಗೂ ಒಂದು ವ್ಯತ್ಯಾಸ ಐತಿ, ಅದನ್ನೂ ತಿಳಕಳ್ಳಿ. ನೈಟ್ರೇಟ್ ಉಪ್ಪಿದ್ದಂಗ, ನೀರಿನಾಗ ಕರಗಿ ನೀರು ಹೋದಲ್ಲಿ ಹೋಗತೈತಿ, ಬೋರಿಗೂ ಇಳೀತೈತಿ. ಡಿ.ಎ.ಪಿ.ಯಾಗಿನ ರಂಜಕ ಅರಿಶಿಣದ ಕಲಿ ಇದ್ದಂಗ, ಮಣ್ಣಿಗೆ ಅಂಟಿ ಕೂರತೈತಿ, ಜೋರು ಮಳಿ ಬಂದು ಮಣ್ಣು ಕೊಚ್ಚಿಕಂಡು ಹೋದಾಗ ಮಣ್ಣಿನ ಜತಿ ಕೆರಿ ಸೇರತೈತಿ. ಸೇರಿದ ಮ್ಯಾಲೆ ವರ್ಷಗಟ್ಟಲೆ ಹೂಳಿನಾಗ ಕೂತು ನಿಧಾನಕ್ಕ ಬಿಡತಿರತೈತಿ. ಕೆನಡಾ ದೇಶದಾಗ 1973ರಾಗ ವಿಜ್ಞಾನಿಗಳು ಒಂದು ಕೆರಿ ನಡುವ ಪರದೆ ಕಟ್ಟಿ ಎರಡು ಭಾಗ ಮಾಡಿದ್ರಂತ. ಎರಡೂ ಕಡಿ ಇಂಗಾಲ, ಸಾರಜನಕ ಹಾಕಿದ್ರು. ಒಂದು ಕಡಿಗೆ ಮಾತ್ರ ರಂಜಕನೂ ಹಾಕಿದ್ರು. ಆ ಕಡಿ ಅಷ್ಟೇ ಹಸಿರು ಗಂಜಿ ಆತು, ಈ ಕಡಿ ತಿಳಿಯಾಗೇ ಉಳೀತು. ವಿಮಾನದಿಂದ ತಗದ ಆ ಫೋಟೋ ಜಗತ್ತಿಗೆಲ್ಲಾ ಗೊತ್ತಾತು. ಸೋಪಿನ ಪುಡಿಯಾಗ ರಂಜಕ ಕಮ್ಮಿ ಮಾಡ್ಬೇಕು ಅನ್ನೋ ವಾದಕ್ಕ ಅದು ದೊಡ್ಡ ಸಾಕ್ಷಿ ಆತು. ನಮ್ಮ ಬಟ್ಟಿ ಒಗಿಯೋ ಕಲ್ಲಿನಿಂದಲೂ ಕೆರಿಗೆ ದಾರಿ ಐತಿ ಅಂತ ಇದರ ಅರ್ಥ.

ನಮ್ಮೂರು ಕೆರಿ ನಾನು ನೋಡಿದೀನಿ. ನಾನು ಸಣ್ಣಾಕಿ ಇದ್ದಾಗ ನಮ್ಮವ್ವನ ಜತಿ ಕಂಬಳಿ ತೊಳಿಯಾಕ ಹೋಗತಿದ್ವಿ. ಕಾಲು ಇಟ್ರ ಬೆರಳು ಕಾಣತಿದ್ವು, ಸಣ್ಣ ಮೀನು ಬಂದು ಕಚ್ಚತಿದ್ವು. ಬೆಸ್ತರ ಅಜ್ಜ ಒಬ್ಬ ಬಲಿ ಬೀಸತಿದ್ದ. ಈಗ ಹೋದ್ರ ದಂಡಿಯಿಂದ ದಂಡಿಗೆ ಅಂತರಗಂಗಿ. ನೋಡಾಕ ಗದ್ದಿ ಯಾವುದು, ಕೆರಿ ಯಾವುದು ತಿಳಿಯಂಗಿಲ್ಲ. ಕಳೆದ ಸಲ ಅಲ್ಲಿಗೆ ಗಂಗಿ ಪೂಜಿಗೆ ಹೋಗಿದ್ವಿ. ಐದು ಕಲ್ಲು ಇಟ್ಟು ಅರಿಶಿಣ ಕುಂಕುಮ ಏರಿಸಿ, ಆರತಿ ಎತ್ತಿ, ನೀರು ಮಾತ್ರ ಮನಿಯಿಂದ ಬಾಟಲಿಯಾಗ ಒಯ್ದಿದ್ವಿ. ಗಂಗಿ ಪೂಜಿಗೆ ಗಂಗಿನ ಬಾಟಲಿಯಾಗ ತರೋ ಕಾಲ ಬಂತು. ಇದಕ್ಕ ನಾಚಿಕಿ ಆಗಬೇಕಲ್ವಾ ನಮಗ?

ಈಗ ಒಂದೊಂದೇ ಮಾತಿಗೆ ಉತ್ತರ ಕೊಡ್ತೀನಿ.

"ಆರ್.ಒ. ಐತಲ್ಲ." ಐತಿ. ಆರ್.ಒ. ನೈಟ್ರೇಟ್ ತೆಗೀತೈತಿ, ಸುಳ್ಳಲ್ಲ. ಮೇಣದಬತ್ತಿ ಥರದ ಫಿಲ್ಟರ್ ತೆಗಿಯಂಗಿಲ್ಲ, ಇದು ನೆನಪಿಡ್ರಿ. ಆದ್ರ ಒಂದು ಕೊಡ ಒಳ್ಳೆ ನೀರು ಕೊಡಾಕ ಮನಿ ಆರ್.ಒ. ಎರಡು ಮೂರು ಕೊಡ ಚರಂಡಿಗೆ ಬಿಡತೈತಿ. ಅದು ವಿಷ ಕಳಿಯೋ ಮಿಷಿನ್ ಅಲ್ಲ, ವಿಷನ ಪಕ್ಕದೋರ ಕಡಿ ದಬ್ಬೋ ಮಿಷಿನ್. ನಮ್ಮ ಮನಿಯಾಗ ಐತಿ, ನಿಮ್ಮ ಮನಿಯಾಗ ಐತಿ. ನಮ್ಮ ಮನಿ ಪಾತ್ರಿ ತಿಕ್ಕಾಕ ಬರೋ ಹೆಣ್ಣುಮಗಳ ಮನಿಯಾಗ ಐತೇನು? ಊರಾಗಿನ ಎಮ್ಮಿಗೆ ಐತೇನು? ಮೀನಿಗೆ, ಕೊಕ್ಕರಿಗೆ ಯಾರು ಹಾಕಿಸ್ತೀರಿ?

ಮಿಷಿನ್ ನಂಬಿದೋರಿಗೆ ಇನ್ನೊಂದು ಹೇಳ್ತೀನಿ. ನಮ್ಮ ನಾದಿನಿ ಮಗಳು ಅಮೆರಿಕಾದಾಗ ಓಹಾಯೋ ರಾಜ್ಯದಾಗ ಇದ್ಲು. 2014ರ ಆಗಸ್ಟ್‌ನಾಗ ಅಲ್ಲಿ ಟೊಲೀಡೊ ಅನ್ನೋ ಪಟ್ಟಣದಾಗ ನಲ್ಲಿ ನೀರು ಕುಡಿಬ್ಯಾಡ್ರಿ ಅಂತ ಒಂದೇ ಸಲ ಆದೇಶ ಬಂತು. ಕುದಿಸಲೂ ಬ್ಯಾಡ್ರಿ, ಕುದಿಸಿದ್ರ ಇನ್ನೂ ಗಟ್ಟಿ ಆಗತೈತಿ ಅಂದ್ರಂತ. ಈರೀ ಅನ್ನೋ ಸಮುದ್ರದಂಥ ಕೆರಿಯಾಗ ಪಾಚಿ ಬೆಳದು ಅದು ಬಿಟ್ಟ ವಿಷ ನೀರಿನ ಘಟಕಕ್ಕ ಬಂದಿತ್ತು. ನಾಕು ಲಕ್ಷಕ್ಕ ಮ್ಯಾಲೆ ಜನ ಮೂರು ದಿನ ಅಂಗಡಿ ಬಾಟಲಿಗೆ ಓಡ್ಯಾಡಿದ್ರು. ಆ ಪಾಚಿಗೆ ಮುಖ್ಯ ಕಾರಣ ಸುತ್ತಲ ಹೊಲದಿಂದ ಹರಿದು ಬಂದ ಗೊಬ್ಬರದ ರಂಜಕ. ಅಮೆರಿಕಾದಾಗ ದುಡ್ಡಿಲ್ಲೇನು, ಮಿಷಿನ್ ಇಲ್ಲೇನು? ಅದೇ ದೇಶದ ಮಿಸಿಸಿಪ್ಪಿ ಹೊಳಿ ಗೊಬ್ಬರದ ನೀರು ಹೊತ್ತು ಮೆಕ್ಸಿಕೋ ಕೊಲ್ಲಿಗೆ ಸುರೀತೈತಿ. 2017ರಾಗ ಅಲ್ಲಿ 22,720 ಚದರ ಕಿಲೋಮೀಟರ್ ಸಮುದ್ರದ ತಳದಾಗ ಮೀನು ಬದುಕೋವಷ್ಟು ಆಮ್ಲಜನಕ ಇರಲಿಲ್ಲ. ನಮ್ಮ ಜಿಲ್ಲಿಯಂಥ ನಾಕೈದು ಜಿಲ್ಲಿ ಸೇರಿಸಿದ್ರ ಅಷ್ಟಾಗತೈತಿ. ಅವರು ದೊಡ್ಡ ಕೊಲ್ಲಿ ಕೆಡಿಸಿದ್ರು ಅಂತ ನಾವು ಸಣ್ಣ ಕೆರಿ ಕೆಡಿಸ್ಬೇಕು ಅಂತ ಏನೂ ಇಲ್ಲ.

"ರೈತರ ಮ್ಯಾಲೆ ತಪ್ಪು ಹೊರಿಸಬ್ಯಾಡ." ಹೊರಿಸಂಗಿಲ್ಲ. ನಾನೂ ರೈತನ ಮಗಳು. ನಮ್ಮ ಆನಗೋಡಿನಾಗ 1992ರಾಗ ಗೊಬ್ಬರದ ಬೆಲಿ ಸಲುವಾಗಿ ಹೋರಾಡಿದ ರೈತರು ಗೋಲಿಬಾರಿಗೆ ಜೀವ ಕೊಟ್ಟಾರ. ಇವತ್ತಿಗೂ ಅಲ್ಲಿ ಹುತಾತ್ಮರ ದಿನ ಮಾಡ್ತಾರ. ಗೊಬ್ಬರ ಅಂದ್ರ ನಮ್ಮ ಜಿಲ್ಲಿಗೆ ರಕ್ತದ ಮಾತು, ಅದು ನನಗ ಗೊತ್ತೈತಿ. ಆದ್ರ ಅದೇ 1992ರಾಗ ಏನಾತು ಅದನ್ನೂ ನೋಡ್ರಿ. ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರದ ಬೆಲಿ ನಿಯಂತ್ರಣ ಬಿಟ್ತು, ಯೂರಿಯಾದ್ದು ಮಾತ್ರ ಹಿಡಕಂತು. ಅವತ್ತಿಂದ ಯೂರಿಯಾ ಅಗ್ಗ, ಉಳಿದಿದ್ದು ತುಟ್ಟಿ. ಇವತ್ತು 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ ಚಿಲ್ಲರಿ, ಡಿ.ಎ.ಪಿ. 1,350. ಬ್ಯಾಳಿ ಕೆ.ಜಿ.ಗೆ ಇನ್ನೂರಾಗಿ ಉಪ್ಪು ಪುಕ್ಕಟಿ ಸಿಕ್ರ ಸಾರು ಹೆಂಗಿರ್ತೈತಿ? ಉಪ್ಪುಪ್ಪೇ ಇರ್ತೈತಿ. ರೈತ ದಡ್ಡ ಅಲ್ಲ, ಅಗ್ಗದ್ದನ್ನ ಜಾಸ್ತಿ ಹಾಕ್ತಾನ. 2025ರ ಜುಲೈನಾಗ ಯೂರಿಯಾ ಸಿಗದೇ ಸೊಸೈಟಿ ಮುಂದ ಸರದಿ ನಿಂತು ಬಡದಾಡಿದ್ದು ನೋಡಿದ್ವಲ್ಲ. ಅವಾಗಲಾದ್ರೂ ಯಾರಾದ್ರೂ, ಇಷ್ಟು ಬೇಕೇನು ಅಂತ ಕೇಳಿದ್ರಾ?

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಐತಿ, ಅದು ನಮ್ಮ ಬಡಾವಣ್ಯಾಗೇ ಐತಿ. ಇದನ್ನ ಹೇಳಿದ್ರ ನೀವು ಸಿಟ್ಟಾಗತೀರಿ, ಆಗ್ರಿ. ನಮ್ಮಂಗ ಎಷ್ಟು ಮನ್ಯಾಗ ಹಳ್ಳಿ ಗದ್ದಿ ಗುತ್ತಿಗಿಗೆ ಕೊಟ್ಟಿಲ್ಲ? ನಾವು ಏನು ಮಾಡ್ತೀವಿ? ಎಕರೆಗೆ ಇಷ್ಟು ಚೀಲ ಅಂತ ಮೊದಲೇ ಗಟ್ಟಿ ಮಾಡ್ತೀವಿ. ಮಳಿ ಬರಲಿ ಬಿಡಲಿ, ನಾಲಿ ನೀರು ಸಿಗಲಿ ಬಿಡಲಿ, ನಮ್ಮ ಚೀಲ ನಮಗ ಬರಬೇಕು. ಗುತ್ತಿಗಿ ಮಾತ್ರ ವರ್ಷ ವರ್ಷ. ಮುಂದಿನ ವರ್ಷ ಒಂದು ಚೀಲ ಜಾಸ್ತಿ ಕೊಡೋರು ಬಂದ್ರ ಅವರಿಗೆ. ಹಿಂಗಿರುವಾಗ ಆ ಮನಷ್ಯ ಯಾಕ ಹಸಿರೆಲಿ ಗೊಬ್ಬರ ಹಾಕ್ತಾನ? ಯಾಕ ಡೈಂಚ ಬಿತ್ತಿ ಉಳ್ತಾನ? ಮಣ್ಣು ಸುಧಾರಿಸಾಕ ಮೂರ್ನಾಕು ವರ್ಷ ಬೇಕು, ಅವನ ಕೈಯಾಗ ಇರೋದು ಒಂದು ವರ್ಷ. ಮುಂದಿನ ವರ್ಷ ಗದ್ದಿ ಇನ್ನೊಬ್ಬರಿಗೆ ಹೋಗೋದಾದ್ರ ಇವನು ಬೆವರು ಸುರಿಸಿ ಇನ್ನೊಬ್ಬನ ಸಲುವಾಗಿ ಮಣ್ಣು ಹದ ಮಾಡ್ಬೇಕೇನು? ಅದಕ್ಕ ಯೂರಿಯಾ ಎರಚತಾನ, ಹತ್ತು ದಿನಕ್ಕ ಕಪ್ಪು ಹಸಿರು ಏರತೈತಿ, ನಮ್ಮ ಚೀಲ ಬರತೈತಿ. ಯೂರಿಯಾ ಎರಚೋ ಕೈ ಅವನದು, ಎರಚಿಸೋ ಬಾಯಿ ನಮ್ದು. ಆರ್.ಒ. ಹಾಕ್ಕಂಡು ನಲ್ಲಿ ನೀರು ಸರಿ ಇಲ್ಲ ಅನ್ನೋದೂ ಅದೇ ಬಾಯಿ.

"ಕಾರ್ಖಾನಿ, ಚರಂಡಿ ಬಿಟ್ಟು ಗದ್ದಿ ಹಿಡಕಂಡೀಯಲ್ಲ." ಅವನ್ನ ನಾನು ಬಿಟ್ಟಿಲ್ಲ. 1980ರ ದಶಕದಾಗ ಹರಿಹರದ ಕಡಿ ಕಾರ್ಖಾನಿ ನೀರಿನಿಂದ ತುಂಗಭದ್ರಾದಾಗ ಮೀನು ಸತ್ತು, ಹೊಳಿ ದಂಡಿ ಹಳ್ಳಿ ಜನ ಎದ್ದು ನಿಂತಿದ್ದು ನಮಗ ಹೈಸ್ಕೂಲಿನಾಗ ಇದ್ದಾಗಿನ ಸುದ್ದಿ. ಅವತ್ತು ಬೆರಳು ತೋರಿಸಾಕ ಒಂದು ಪೈಪ್ ಇತ್ತು. ಗದ್ದಿಗೆ ಪೈಪಿಲ್ಲ. ಸಾವಿರಾರು ಗದ್ದಿ ಬದುವಿನಿಂದ ಒಂದೊಂದು ಚಂಬು ಇಳೀತೈತಿ, ಯಾರ ಮನಿ ಚಂಬು ಅಂತ ಹೇಳೋದು? ಪೈಪಿಗೆ ಬೀಗ ಹಾಕಬಹುದು, ಬದುವಿಗೆ ಹಾಕಾಕ ಆಗಂಗಿಲ್ಲ. ಅದಕ್ಕೇ ಇದು ಕಾಯ್ದೆಯಿಂದ ಒಂದೇ ಏಟಿಗೆ ಆಗೋ ಕೆಲಸ ಅಲ್ಲ, ಮನಿಮನಿಯಿಂದ ಆಗ್ಬೇಕು. ಇನ್ನು ಚರಂಡಿ. ಖರೆ ಐತಿ. ನಮ್ಮ ಪಾಯಿಖಾನಿ, ನಮ್ಮ ಸೋಪಿನ ನೀರು ಎರಡರಾಗೂ ಇದೇ ಸಾರಜನಕ, ಇದೇ ರಂಜಕ. ಬೆಂಗಳೂರಿನ ಬೆಳ್ಳಂದೂರು ಕೆರಿ ನೊರಿ ಕಾರಿ ರಸ್ತಿಗೆ ಬಂದಿದ್ದು ಗದ್ದಿಯಿಂದ ಅಲ್ಲ, ಮನಿ ನೀರಿನಿಂದ. ಹಂಗಂತ ಅವರು ಮಾಡೋ ತನಕ ನಾವು ಮಾಡಂಗಿಲ್ಲ ಅಂದ್ರ, ಅತ್ತಿ ಸೊಸಿ ಇಬ್ಬರೂ ಕಸಬರಿಗಿ ಮುಟ್ಟದ ಮನಿ ಆಗತೈತಿ.

2024ರ ನವೆಂಬರ್‌ನಾಗ ನಿರ್ಮಲ ತುಂಗಭದ್ರಾ ಅಂತ ಶೃಂಗೇರಿಯಿಂದ ಹರಿಹರದ ತನಕ ಜನ ನಡಕಂಡು ಬಂದ್ರು. ಒಳ್ಳೆ ಕೆಲಸ. 2023ರಾಗ ಮಳಿ ಕೈ ಕೊಟ್ಟಾಗ ಭದ್ರಾ ನಾಲಿ ನೀರಿನ ಸಲುವಾಗಿ ನಮ್ಮ ಊರಿನ ರೈತರು ಬೀದಿಗೆ ಇಳಿದ್ರು. ಅದೂ ನ್ಯಾಯ. ನಾಲಿಗೆ ಎಷ್ಟು ದಿನ ನೀರು ಬಿಡ್ತಾರ, ಲಕ್ಕವಳ್ಳಿ ಡ್ಯಾಮು 186 ಅಡಿಯಾಗ ಎಷ್ಟು ತುಂಬಿತು ಅಂತ ನಮ್ಮ ಮನಿ ಗಂಡಸರು ದಿನಾ ಪೇಪರ್ ನೋಡ್ತಾರ, ತುಂಬಿದ್ರ ಬಾಗಿನ ಬಿಟ್ಟಿದ್ದೂ ನೋಡ್ತಾರ. ಗದ್ದಿಗೆ ಬರೋ ನೀರಿಗೆ ಇಷ್ಟು ಜಗಳ ಐತಿ. ಗದ್ದಿಯಿಂದ ಹೋಗೋ ನೀರು ಹೆಂಗೈತಿ ಅಂತ ಒಂದು ದಿನ ಜಗಳ ಆಗಲಿಲ್ಲ. ನನ್ನ ಸಂಕಟ ಇಷ್ಟೇ.

"ಇಳುವರಿ ಬಿದ್ರ?" ಇದು ನಿಜವಾದ ಪ್ರಶ್ನಿ. ನಮ್ಮ ತಮ್ಮನೂ ಇದೇ ಕೇಳಿದ. ಅದಕ್ಕ ನಾನು ಏನು ಮಾಡಿದೆ ಹೇಳ್ತೀನಿ, ಇದರಾಗ ನನ್ನ ಗಂಟೂ ಐತಿ. ನಮ್ಮ ಗುತ್ತಿಗಿಯವರನ್ನ ಮನಿಗೆ ಕರದು ಕೂರಿಸಿ ಮೂರು ಮಾತು ಹೇಳಿದೆ. ಒಂದು, ಗುತ್ತಿಗಿ ಇನ್ನು ಐದು ವರ್ಷ ನಿಂದೇ. ಎರಡು, ಯೂರಿಯಾ ನಾಕರಿಂದ ಎರಡು ಚೀಲಕ್ಕ ಇಳಿಸ್ಬೇಕು, ಡಿ.ಎ.ಪಿ. ಒಂದು. ಎರಡೂ ಯೂರಿಯಾ ಒಂದೇ ಸಲ ಎರಚಬ್ಯಾಡ, ಮೂರು ಕಂತಿನಾಗ ಹಾಕು, ಹಾಕಿದ ಮ್ಯಾಲೆ ಗದ್ದಿ ನೀರು ಹೊರಗ ಬಿಡಬ್ಯಾಡ. ಮೂರು, ಇಳುವರಿ ಬಿದ್ರ ಬಿದ್ದಷ್ಟು ಚೀಲ ನನ್ನ ಪಾಲಿನಾಗ ಕಡಕೋ. ಮೂರನೇ ಮಾತು ಕೇಳಿ ಅವನು ತಲಿ ಎತ್ತಿ ನೋಡಿದ. "ಹಂಗಂತ ಯಾವ ಮಾಲಕರೂ ಹೇಳಿಲ್ಲ ಅಕ್ಕಾರ" ಅಂದ. ನಮ್ಮ ಮನಿಯವರು ಒಳಗಿಂದ ಕೆಮ್ಮಿದ್ರು, ನಾನು ಕೇಳಿಸಿಕಳ್ಳಲಿಲ್ಲ.

ಮಧ್ಯಕ್ಕ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕ ಅವನನ್ನೇ ಕಳಿಸಿದೆ. ಎಲಿ ಬಣ್ಣದ ಪಟ್ಟಿ ಅಂತ ಒಂದು ಇರತೈತಿ, ನಮ್ಮ ಬ್ಲೌಸ್ ಪೀಸಿಗೆ ಮ್ಯಾಚಿಂಗ್ ನೋಡಿದಂಗ ಭತ್ತದ ಎಲಿ ಅದಕ್ಕ ಹಿಡುದು ನೋಡೋದು. ಎಲಿ ತಿಳಿ ಆದ್ರ ಮಾತ್ರ ಯೂರಿಯಾ, ಕಡು ಹಸಿರಿದ್ರ ಬ್ಯಾಡ. ಬ್ಯಾಸಿಗಿ ಬೆಳಿ ಮುಗಿದ ಮ್ಯಾಲೆ ಡೈಂಚ ಬಿತ್ತಿ, ನಾಟಿಗೆ ಮೊದಲು ಉತ್ತು ಮಣ್ಣಿಗೆ ಸೇರಿಸಿದ. ಅದೂ ಗಾಳಿಯಿಂದ ಸಾರಜನಕ ಹಿಡುದು ಮಣ್ಣಿಗೆ ಕೊಡೋ ಗಿಡ, ಚೀಲದ ಖರ್ಚಿಲ್ಲ.

ಏನಾತು? ಮೊದಲನೇ ಬೆಳಿಗೆ ಎಕರೆಗೆ ಎರಡು ಚೀಲ ಭತ್ತ ಕಮ್ಮಿ ಬಂತು. ಸುಳ್ಳು ಹೇಳಂಗಿಲ್ಲ. ಮೂರು ಎಕರೆಗೆ ಆರು ಚೀಲ, ಎಲ್ಲಾ ನನ್ನ ಪಾಲಿನಾಗೇ ಹೋತು. ತಮ್ಮ ನಕ್ಕ. ಆದ್ರ ಅದೇ ವರ್ಷ ಪಕ್ಕದ ಗದ್ದಿಗೆಲ್ಲಾ ಬೆಂಕಿ ರೋಗ, ಜಿಗಿಹುಳ ಅಂತ ಮೂರು ಸಲ ಔಷಧಿ ಹೊಡದ್ರು, ನಮ್ಮದಕ್ಕ ಒಂದೇ ಸಲ ಸಾಕಾತು. ಸಾರಜನಕ ಜಾಸ್ತಿ ಆದ ಪೈರು ಮೆತ್ತಗ ರಸವತ್ತಾಗಿ ಇರತೈತಿ, ಹುಳಕ್ಕೂ ರೋಗಕ್ಕೂ ಅದೇ ಬೇಕು. ಸಕ್ಕರಿ ಡಬ್ಬಿ ಮುಚ್ಚಳ ತೆರದು ಇರಿವಿ ಬಂದ್ವು ಅಂತ ಔಷಧಿ ಹೊಡದಂಗ. ಕೊಯ್ಲಿಗೆ ಮೊದಲು ಗಾಳಿ ಮಳಿ ಬಂದಾಗ ಅವರ ಪೈರು ಎತ್ತರ ಬೆಳದು ಮಲಗಿದ್ವು, ನಮ್ಮವು ನಿಂತಿದ್ವು. ಗೊಬ್ಬರ, ಔಷಧಿ ಖರ್ಚು ಕಳದು ನೋಡಿದ್ರ ಗುತ್ತಿಗಿಯವನಿಗೆ ಒಂದು ರೂಪಾಯಿ ನಷ್ಟ ಆಗಲಿಲ್ಲ. ಆರು ಚೀಲ ಹೋಗಿದ್ದು ನಂದು. ಎರಡನೇ ಬೆಳಿಗೆ ಕಮ್ಮಿ ಬಂದಿದ್ದು ಎಕರೆಗೆ ಅರ್ಧ ಚೀಲ.

ಆರು ಚೀಲ ಭತ್ತಕ್ಕ ನಾನು ಬಡವಿ ಆಗಲಿಲ್ಲ. ಒಂದು ಮದುವಿ ಮುಯ್ಯಿಗೆ ಇದಕ್ಕಿಂತ ಜಾಸ್ತಿ ಸೀರಿ ತಗೀತೀವಿ.

ಅದಕ್ಕ ನಿಮಗ ನಾನು ಕೇಳೋದು ಇಷ್ಟು. ಗದ್ದಿ ಹೊಲ ಇರೋ ಮನಿ ಹೆಣ್ಣುಮಕ್ಕಳು ಈ ನಾಟಿಗೆ ಮೊದಲು ಒಂದು ಫೋನ್ ಮಾಡ್ರಿ. ಎಕರೆಗೆ ಎಷ್ಟು ಚೀಲ ಹಾಕ್ತೀರಿ ಕೇಳ್ರಿ. ಮಣ್ಣಿನ ಕಾರ್ಡ್ ಎಲ್ಲೈತಿ ಕೇಳ್ರಿ, ಸಿಕ್ಕರ ಎಕರೆಯೋ ಹೆಕ್ಟೇರೋ ನೋಡ್ರಿ. ಬಸಿಗಾಲುವಿ ಬದುವಿಗೆ ಎರಡು ಮೊಳ ಹುಲ್ಲು ಬಿಡ್ರಿ ಅನ್ರಿ, ಮಣ್ಣು, ರಂಜಕ ಅಲ್ಲೇ ನಿಲ್ಲತಾವು. ತಿಪ್ಪಿ ಬೋರಿನಿಂದ ದೂರ ಹಾಕಿಸ್ರಿ. ಊರಾಗ ಬೋರು ಇದ್ರ ನೈಟ್ರೇಟ್ ಪರೀಕ್ಷೆ ಮಾಡಿಸ್ರಿ. ಜಲಜೀವನ್ ಮಿಷನ್ನಿನಾಗ ಹಳ್ಳಿಹಳ್ಳಿ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆ ಕಿಟ್ ಕೊಟ್ಟು ಕಲಿಸೋ ಯೋಜನಿ ಐತಿ, ಪಂಚಾಯ್ತಿಯಾಗ ವಿಚಾರಿಸ್ರಿ. ಮನಿಯಾಗ ಎಳೀ ಕೂಸಿದ್ರ ಇದನ್ನ ನಾಳಿಗೆ ಅಂತ ಇಡಬ್ಯಾಡ್ರಿ. ಗುತ್ತಿಗಿಗೆ ಕೊಟ್ಟೋರು ವರ್ಷದ ಗುತ್ತಿಗಿ ಬಿಟ್ಟು ನಾಕೈದು ವರ್ಷಕ್ಕ ಕೊಡ್ರಿ, ಮೊದಲ ಬೆಳಿ ನಷ್ಟದಾಗ ಪಾಲು ತಗಳ್ರಿ. ಗದ್ದಿ ಇಲ್ಲದೋರು ಸೋಪಿನ ಪುಡಿ ಅಳತಿ ಮಾಡಿ ಹಾಕ್ರಿ. ಮಿಷಿನ್ ತುಂಬ ನೊರಿ ಬಂದ್ರ ಬಟ್ಟಿ ಸ್ವಚ್ಛ ಆತು ಅನ್ನೋದು ನಮ್ಮ ಭ್ರಮೆ.

ಗಂಡಸರ ವ್ಯವಹಾರ ನಮಗ್ಯಾಕ ಅಂತ ಹೇಳಬ್ಯಾಡ್ರಿ. ಕುಡಿಯೋ ನೀರು ಯಾವಾಗಿಂದ ಗಂಡಸರ ವ್ಯವಹಾರ ಆತು? ಕೊಡ ಹೊತ್ತೋರು ನಾವು, ಕುದಿಸಿದೋರು ನಾವು, ಕೂಸಿಗೆ ಕುಡಿಸಿದೋರು ನಾವು. ಲೆಕ್ಕ ಕೇಳಾಕ ಮಾತ್ರ ಯಾಕ ಹಿಂಜರೀತೀವಿ?

ಮೊನ್ನೆ ನಕ್ಕ ಗೆಳತಿಗೆ ಒಂದು ಮಾತು. ಮುಂದಿನ ಸಲ ಅರಿಶಿಣ ಕುಂಕುಮ ನಮ್ಮ ಮನಿಯಾಗ. ನಮ್ಮ ಗದ್ದಿ ಹೊಸ ಅಕ್ಕಿ ಅನ್ನ ಮಾಡ್ತೀನಿ. ಆರು ಚೀಲ ಕಮ್ಮಿ ಬಂದ ಗದ್ದಿ ಅಕ್ಕಿ. ಉಂಡು ನೋಡು, ಆಮ್ಯಾಲೆ ನಗು. ಬರುವಾಗ ನಿಮ್ಮ ಮಾವನೋರ ಗದ್ದಿಗೆ ಎಕರೆಗೆ ಎಷ್ಟು ಚೀಲ ಹಾಕ್ತಾರ ಕೇಳಿಕಂಡು ಬಾ.